ಬೋರ್‌ವೆಲ್ ಬತ್ತುವ ಮೊದಲು: ದಿನಕ್ಕೆ ಎಷ್ಟು ನೀರೆತ್ತಬಹುದು ಎಂದು ನೀವೇ ಅಳೆದು ತಿಳಿಯುವ ಕ್ರಮ

ಬೇಸಗೆ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಕೃಷಿಕರಿಂದ ಒಂದೇ ಪ್ರಶ್ನೆ ಬರುತ್ತದೆ: "ಬೋರ್ ಗಾಳಿ ಹೊಡೆಯುತ್ತಾ ಇದೆ, ಇನ್ನೊಂದು ಎಲ್ಲಿ ಕೊರೆಸುವುದು?" ಉತ್ತರ ಹೇಳುವ ಮೊದಲು ನಾನೂ ಒಂದು ಕೇಳುತ್ತೇನೆ: "ಈಗಿರುವ ಬೋರಿನಲ್ಲಿ ನೀರು ಎಷ್ಟು ಮೀಟರ್ ಕೆಳಗಿದೆ?" ಗೊತ್ತಿರುವವರು ಸಿಗುವುದು ಅಪರೂಪ.

ಎಡವುವುದು ಎಲ್ಲರೂ ಒಂದೇ ಜಾಗದಲ್ಲಿ. ಮೊದಲು ಕೊರೆಸುತ್ತಾರೆ, ಆಮೇಲೆ ದೊಡ್ಡ ಪಂಪ್ ಇಳಿಸುತ್ತಾರೆ, ಆಮೇಲೆ ಪೈಪ್ ಎಳೆದು ಸ್ಪ್ರಿಂಕ್ಲರ್ ಹಾಕುತ್ತಾರೆ. ಅಳತೆಯ ವಿಚಾರ ಬರುವುದು ನೀರು ನಿಂತ ಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಬೇಕು. ಮೊದಲು ಅಳತೆ, ನಂತರ ಅಗತ್ಯದ ಲೆಕ್ಕ, ಅದಾದ ಮೇಲೆ ಪಂಪು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವೆ ಒಂದನ್ನು ಬಿಟ್ಟರೆ ಮುಂದಿನದರ ಲೆಕ್ಕ ಹಿಡಿತಕ್ಕೆ ಸಿಗುವುದಿಲ್ಲ.

ಬೇಕಾಗುವ ಸಾಮಾನು

200 ಲೀಟರಿನ ಒಂದು ಡ್ರಮ್, ಸಮಯ ನೋಡಲು ಮೊಬೈಲ್, ಒಂದು ನೋಟ್‌ಬುಕ್, ಪಂಪಿನ ಪೈಪಿಗೆ ಗೇಟ್‌ವಾಲ್ವ್, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಒಂದು ಟಿಡಿಎಸ್ ಮೀಟರ್. ಇವುಗಳ ಜತೆಗೆ ನೀರಿನ ಮಟ್ಟ ಅಳೆಯುವ ಒಂದು ಸಾಧನ.

ಮಟ್ಟ ಅಳೆಯಲು ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಬೇಡಿ. ಪಂಪ್ ಇಳಿಸಿದ ಬೋರಿನಲ್ಲಿ ಅದು ಕೇಬಲ್‌ಗೆ ಸುತ್ತಿಕೊಂಡರೆ ಪಂಪನ್ನೇ ಮೇಲೆತ್ತಬೇಕಾಗುತ್ತದೆ. ಗಾಳಿ ನಳಿಕೆಯ ವಿಧಾನ ಸುಲಭ. ಪಂಪ್ ಇಳಿಸುವಾಗಲೇ ಒಂದು ಸಪೂರ ಪ್ಲಾಸ್ಟಿಕ್ ನಳಿಕೆಯನ್ನು ಪೈಪಿಗೆ ಟೇಪ್ ಸುತ್ತಿಕೊಂಡು ಪಂಪಿನ ತುಸು ಮೇಲಿನವರೆಗೆ ಇಳಿಸಿ, ಅದರ ಉದ್ದ ಬರೆದಿಡಿ. ಅಳೆಯುವಾಗ ಅದರ ಬಾಯಿಗೆ ಗೇಜ್ ಇರುವ ಸೈಕಲ್ ಪಂಪ್ ಜೋಡಿಸಿ ಗಾಳಿ ಒತ್ತಿ. ಮುಳ್ಳು ಏರುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ, ಮತ್ತೆ ಎಷ್ಟು ಒತ್ತಿದರೂ ಏರುವುದಿಲ್ಲ. ನಳಿಕೆಯ ತುದಿಯಿಂದ ಗಾಳಿ ಗುಳ್ಳೆಯಾಗಿ ಹೊರಗೆ ಹೋಗುತ್ತಿದೆ ಎಂದು ಅರ್ಥ. ಚದರ ಸೆಂಟಿಮೀಟರಿಗೆ 1 ಕಿಲೋ ಒತ್ತಡವೆಂದರೆ 10 ಮೀಟರ್ ನೀರು. ನಳಿಕೆ 60 ಮೀಟರ್ ಇದ್ದು ಮುಳ್ಳು 2.5ರಲ್ಲಿ ನಿಂತರೆ ತುದಿಯ ಮೇಲೆ 25 ಮೀಟರ್ ನೀರಿದೆ, ಅಂದರೆ ನೀರು ಇರುವುದು ನೆಲದಿಂದ 35 ಮೀಟರ್ ಕೆಳಗೆ.

ಈಗಾಗಲೇ ಪಂಪ್ ಇಳಿಸಿಯಾಗಿದ್ದರೆ ಮುಂದಿನ ಸಲ ರಿಪೇರಿಗೆ ಎತ್ತುವಾಗ ನಳಿಕೆ ಹಾಕಿಸಿ. ಮರೆತರೆ ಇನ್ನೂ ಕೆಲವು ವರ್ಷ ಕುರುಡಾಗಿಯೇ ನೀರೆತ್ತಬೇಕಾಗುತ್ತದೆ.

ಹಂತ 1: ನಿಮ್ಮದು ಯಾವ ನೀರು ಎಂದು ತಿಳಿಯಿರಿ

ನಮ್ಮ ಗುಡ್ಡೆಗಳಲ್ಲಿ ಮೇಲೆ ಮುರಕಲ್ಲು (ಕೆಂಪು ಜಂಬಿಟ್ಟಿಗೆ), ಅದರ ಅಡಿಯಲ್ಲಿ ಶೇಡಿಮಣ್ಣು (ಮೆತ್ತನೆಯ ಜೇಡಿ), ಆಮೇಲೆ ಸವೆದ ಕಲ್ಲು, ಕೊನೆಗೆ ಗಟ್ಟಿ ಬಂಡೆ. ಬಾವಿಗೂ, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಕ್ಕೂ ನೀರು ಬರುವುದು ಮೇಲಿನ ಪದರದಿಂದ. ಬೋರಿಗೆ ಬರುವುದು ಬಂಡೆಯ ಬಿರುಕುಗಳಿಂದ. ಮೇಲಿನ ಪದರ ಮಳೆಗಾಲದಲ್ಲಿ ಬೇಗ ತುಂಬುತ್ತದೆ, ಬೇಸಗೆಯಲ್ಲಿ ಬೇಗ ಬಸಿದು ಹೋಗುತ್ತದೆ. ಕೆಳಗಿನ ಬಿರುಕುಗಳಲ್ಲಿ ನೀರು ಕಡಿಮೆ, ಅವು ತುಂಬುವುದೂ ನಿಧಾನ.

ಕೊರೆಯುವ ದಿನ ಮೂರು ಸಂಗತಿ ಬರೆದುಕೊಳ್ಳಿ: ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಬೋರಿಗೆ ಇಳಿಸುವ ಕೊಳವೆ) ಎಷ್ಟು ಆಳಕ್ಕೆ ಇಳಿಯಿತು, ಎಷ್ಟೆಷ್ಟು ಅಡಿಯಲ್ಲಿ ನೀರು ಸಿಕ್ಕಿತು, ಒಟ್ಟು ಆಳ ಎಷ್ಟು. ಕೇಸಿಂಗ್ ಗಟ್ಟಿ ಕಲ್ಲಿನೊಳಗೆ ಸರಿಯಾಗಿ ಕೂರದಿದ್ದರೆ ಮೇಲಿನ ಪದರದ ನೀರು ಬೋರಿನೊಳಗೆ ಸೋರಿ ಇಳಿಯುತ್ತದೆ. ಬೋರ್ ಕೊರೆದ ಮರುವರ್ಷವೇ ಮನೆಯ ಬಾವಿ ಬೇಗ ಬತ್ತಿದರೆ ಮೊದಲ ಸಂಶಯ ಅದರ ಮೇಲಿರಲಿ.

ಹಂತ 2: ವರ್ಷಕ್ಕೆ ನಾಲ್ಕು ಸಲ ನೀರಿನ ಮಟ್ಟ ಬರೆಯಿರಿ

ದಿನಾಂಕ ಮರೆತುಹೋಗುತ್ತದೆ, ಹಬ್ಬ ಮರೆಯುವುದಿಲ್ಲ. ದೀಪಾವಳಿ, ಶಿವರಾತ್ರಿ, ವಿಷು (ಏಪ್ರಿಲ್ ನಡುವೆ), ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ಹಬ್ಬ) ಎಂದು ನಾಲ್ಕು ಅಳತೆ ಇಟ್ಟುಕೊಳ್ಳಿ. ಹಿಂದಿನ ಸಂಜೆ ಪಂಪ್ ನಿಲ್ಲಿಸಿ, ರಾತ್ರಿ ಪೂರ್ತಿ ಬಿಟ್ಟು, ಬೆಳಗ್ಗೆ ಪಂಪ್ ಹಾಕುವ ಮೊದಲು ಅಳೆಯಿರಿ. ಪ್ರತಿ ಸಲವೂ ಕೇಸಿಂಗಿನ ಬಾಯಿಯ ಒಂದೇ ಗುರುತಿನಿಂದ ಲೆಕ್ಕ ಹಿಡಿಯಬೇಕು.

ನನ್ನ ನೋಟ್‌ಬುಕ್ಕಿನ ಒಂದು ವರ್ಷದ ಸಾಲು ಹೀಗಿದೆ: ದೀಪಾವಳಿಗೆ 14 ಮೀಟರ್, ಶಿವರಾತ್ರಿಗೆ 22, ವಿಷುವಿಗೆ 27, ಪತ್ತನಾಜೆಗೆ 31. ಬೇಸಗೆಯಲ್ಲಿ ಇಳಿಯುವುದು ಸಹಜ, ಅದಕ್ಕೆ ಹೆದರಬೇಕಿಲ್ಲ. ಹೋಲಿಸಬೇಕಾದದ್ದು ಈ ವರ್ಷದ ದೀಪಾವಳಿಯನ್ನು ಹೋದ ವರ್ಷದ ದೀಪಾವಳಿಯ ಜತೆ. ಒಳ್ಳೆಯ ಮಳೆ ಬಂದ ಮೇಲೂ ದೀಪಾವಳಿಯ ಅಂಕಿ ವರ್ಷ ವರ್ಷ ಕೆಳಗೆ ಹೋಗುತ್ತಿದ್ದರೆ, ನೀವು ಎತ್ತುವಷ್ಟು ನೀರು ಒಳಗೆ ಸೇರುತ್ತಿಲ್ಲ ಎಂದು ಲೆಕ್ಕ.

ಹಂತ 3: ಬೋರಿನ ನಿಜವಾದ ಶಕ್ತಿಯನ್ನು ಪರೀಕ್ಷಿಸಿ

ಅತಿ ಹೆಚ್ಚು ಜನ ತಪ್ಪುವುದು ಇಲ್ಲಿಯೇ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಕೊರೆಯುವ ದಿನ ಕಂಪ್ರೆಸರ್ ಗಾಳಿಗೆ ನೀರು ಚಿಮ್ಮುವುದನ್ನು ನೋಡಿ "ಎರಡಿಂಚು ನೀರಿದೆ" ಎನ್ನುತ್ತಾರೆ. ಅದು ಆ ಹೊತ್ತಿನ ನೀರು, ಏಪ್ರಿಲಿನ ನೀರಲ್ಲ. ಪಂಪ್ ಹಾಕಿದ ಮೊದಲ ಅರ್ಧ ಗಂಟೆಯ ಜೋರು ನೋಡಿ ನಂಬುವುದೂ ಅಷ್ಟೇ ತಪ್ಪು. ಆರಿಂಚಿನ ಬೋರಿನಲ್ಲಿ ಪ್ರತಿ ಮೀಟರಿಗೆ ಸುಮಾರು 18 ಲೀಟರ್ ನೀರು ನಿಂತಿರುತ್ತದೆ. 80 ಮೀಟರ್ ನೀರು ನಿಂತಿದ್ದರೆ ಸುಮಾರು 1,440 ಲೀಟರ್. ಮೊದಲು ಬರುವುದು ಈ ದಾಸ್ತಾನು. ಅದು ಖಾಲಿಯಾದ ಮೇಲೆ ಬಿರುಕಿನಿಂದ ಗಂಟೆಗೆ ಎಷ್ಟು ಬರುತ್ತದೋ ಅದೇ ನಿಮ್ಮ ಬೋರಿನ ಶಕ್ತಿ.

ಪರೀಕ್ಷೆಯನ್ನು ವಿಷುವಿನ ಆಸುಪಾಸಿನಲ್ಲಿ ಮಾಡಿ. ಮಳೆಗಾಲದಲ್ಲಿ ಮಾಡಿದ ಪರೀಕ್ಷೆ ಬೇಸಗೆಯ ಲೆಕ್ಕಕ್ಕೆ ಉಪಯೋಗವಿಲ್ಲ. ಬೆಳಗ್ಗೆ ಮಟ್ಟ ಅಳೆದು ಪಂಪ್ ಹಾಕಿ. ಮೊದಲ ಗಂಟೆಯಲ್ಲಿ 5, 10, 15, 30, 60ನೇ ನಿಮಿಷಕ್ಕೆ, ಆಮೇಲೆ ಅರ್ಧ ಗಂಟೆಗೊಮ್ಮೆ ಎರಡು ಅಂಕಿ ಬರೆಯಿರಿ: ನೀರಿನ ಮಟ್ಟ, ಮತ್ತು ಡ್ರಮ್ ತುಂಬಲು ಹಿಡಿದ ಸೆಕೆಂಡು. ಆರು ಗಂಟೆ ಓಡಿಸಿ. ಹೊರಗೆ ಬಂದ ನೀರನ್ನು ಪೈಪಿನಲ್ಲಿ ದೂರಕ್ಕೆ ಬಿಡಿ. ಬೋರಿನ ಬುಡದಲ್ಲೇ ಹರಿಯಲು ಬಿಟ್ಟರೆ ಇಂಗಿ ಲೆಕ್ಕ ಕೆಡಿಸಬಹುದು.

ಒಂದು ಉದಾಹರಣೆ. ಶುರುವಿನಲ್ಲಿ ಡ್ರಮ್ 100 ಸೆಕೆಂಡಿನಲ್ಲಿ ತುಂಬಿತು, ಅಂದರೆ ಗಂಟೆಗೆ 7,200 ಲೀಟರ್. ಮಟ್ಟ ಮಾತ್ರ ಇಳಿಯುತ್ತಲೇ ಇದೆ. ಗೇಟ್‌ವಾಲ್ವನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಡ್ರಮ್ಮಿಗೆ 240 ಸೆಕೆಂಡು ಹಿಡಿಯುವ ಹೊತ್ತಿಗೆ ಮಟ್ಟ ಇಳಿಯುವುದು ನಿಂತು 45 ಮೀಟರಿನಲ್ಲಿ ಕೂತಿತು ಎಂದಿಟ್ಟುಕೊಳ್ಳಿ. ಆಗ ನಿಜವಾದ ಶಕ್ತಿ ಗಂಟೆಗೆ 3,000 ಲೀಟರ್, 7,200 ಅಲ್ಲ. ವಾಲ್ವನ್ನು ಪೂರ್ತಿ ಮುಚ್ಚಬಾರದು, ಮೋಟರ್ ಬಿಸಿಯೇರುತ್ತದೆ.

ಪರೀಕ್ಷೆಯ ಎರಡನೇ ಅರ್ಧವನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಪಂಪ್ ನಿಲ್ಲಿಸಿ ನೀರು ಏರುವುದನ್ನು ಅಳೆಯಿರಿ, ಮರುದಿನ ಬೆಳಗ್ಗೆ ಮತ್ತೊಮ್ಮೆ ನೋಡಿ. ನಿನ್ನೆ ಬೆಳಗ್ಗಿನ ಗುರುತಿಗೆ ನೀರು ವಾಪಸ್ ಬಂದಿದ್ದರೆ ನಿನ್ನೆ ಎತ್ತಿದ್ದು ಬೋರಿಗೆ ತಡೆಯುವಷ್ಟು. ಬಾರದಿದ್ದರೆ ಜಾಸ್ತಿಯಾಯಿತು. ಬೇಸಗೆಯಲ್ಲಿ ಮಟ್ಟ ತನ್ನಷ್ಟಕ್ಕೆ ದಿನಕ್ಕೆ ಕೆಲವು ಸೆಂಟಿಮೀಟರ್ ಇಳಿಯುವುದುಂಟು. ಹಾಗಾಗಿ ನಾನು ಇಟ್ಟುಕೊಂಡಿರುವ ಮಿತಿ ಇದು: ಬೆಳಗ್ಗಿನ ಮಟ್ಟ ವಾರಕ್ಕೆ ಒಂದು ಮೀಟರಿಗಿಂತ ಹೆಚ್ಚು ಇಳಿದರೆ ಪಂಪಿನ ಹೊತ್ತು ಕಡಿಮೆ ಮಾಡಬೇಕು.

ಈ ಪರೀಕ್ಷೆ ಮಾಡದೆ ನಾನು ಕಳೆದುಕೊಂಡದ್ದು ಸಣ್ಣದಲ್ಲ. ನಮ್ಮ ತೋಟದ ಬೋರಿಗೆ 5 ಎಚ್‌ಪಿ ಪಂಪ್ ಇಳಿಸಿದ್ದೆ. ಮೂರು ಬೇಸಗೆ ಸರಾಗವಾಗಿ ಕಳೆಯಿತು. ನಾಲ್ಕನೆಯ ವರ್ಷದ ಮಾರ್ಚಿನಲ್ಲಿ ಪೈಪಿನಿಂದ ನೀರಿನ ಜತೆ ಗಾಳಿ ಬರತೊಡಗಿತು. ಹೆದರಿ, 25 ಮೀಟರ್ ಆಚೆ ಇನ್ನೊಂದು ಕೊರೆಸಿದೆ. ಅಲ್ಲಿ ನೀರು ಸಿಕ್ಕಿತು, ಮೊದಲನೆಯದು ನಿಂತಿತು. ಎರಡೂ ಒಂದೇ ಬಿರುಕಿನ ನೀರು ಕುಡಿಯುತ್ತಿದ್ದವು. ಆ ವರ್ಷ ಮನೆ ಹಿಂದಿನ ಸುರಂಗದಲ್ಲಿ ಒಂದು ಕೊಡಪಾನ ತುಂಬಲು ಅಮ್ಮ ಅರ್ಧ ಗಂಟೆ ಕಾಯುತ್ತಿದ್ದರು. ಮೊದಲ ಬೋರಿಗೆ ಪುನಃ ಸಣ್ಣ ಪಂಪ್ ಇಳಿಸಿ ಅಳೆದು ನೋಡಿದರೆ ಗಂಟೆಗೆ 3,000 ಲೀಟರ್ ಕೊಡುವ ತ್ರಾಣ ಅದಕ್ಕೆ ಇತ್ತು. ಎರಡನೆಯದನ್ನು ಕೊರೆಸುವ ಅಗತ್ಯವೇ ಇರಲಿಲ್ಲ.

ಹಂತ 4: ಅಗತ್ಯದ ಲೆಕ್ಕ ಹಾಕಿ

3,000 ಲೀಟರ್ ಸಿಕ್ಕಿತೆಂದು ಅಷ್ಟನ್ನೂ ಎತ್ತಬಾರದು. ಮಳೆ ಕೈಕೊಟ್ಟ ವರ್ಷಕ್ಕೆ ಮೂರನೇ ಒಂದು ಭಾಗ ಬಿಡಿ. ಗಂಟೆಗೆ 2,000 ಲೀಟರಿನಂತೆ ಎಂಟು ಗಂಟೆಗೆ 16,000 ಲೀಟರ್. ದಿನಕ್ಕೆ ಇದು ನಿಮ್ಮ ಗರಿಷ್ಠ ಮಿತಿ.

ಇನ್ನು ನೀರಿನ ಖರ್ಚು. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಅಡಿಕೆ ಮರ. ಬುಡಕ್ಕೆ ನೀರು ಬಿಡುವ ಕ್ರಮದಲ್ಲಿ ಮರಕ್ಕೆ ಒಂದು ಸಲಕ್ಕೆ 175 ಲೀಟರ್ ಎಂದು ಶಿಫಾರಸು. ಒಂದು ಸುತ್ತಿಗೆ 96,000 ಲೀಟರ್ ದಾಟುತ್ತದೆ. ನಾಲ್ಕು ದಿನಕ್ಕೊಮ್ಮೆ ಬಿಟ್ಟರೆ ದಿನದ ಸರಾಸರಿ ಸುಮಾರು 24,000 ಲೀಟರ್, ಅಂದರೆ ಮಿತಿಯ ಒಂದೂವರೆ ಪಾಲು. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. 20 ಹಿಡಿದರೂ 11,000 ಲೀಟರ್. ಅದಕ್ಕೆ 20 ತೆಂಗಿನ ಮರಕ್ಕೆ 32 ಲೀಟರಿನಂತೆ 640, ಐದು ಮಂದಿಯ ಮನೆಗೆ ತಲಾ 135ರಂತೆ 675, ಎರಡು ದನಕ್ಕೆ ಕುಡಿಯಲು, ತೊಳೆಯಲು 200 ಲೀಟರ್ ಸೇರಿಸಿ. ಒಟ್ಟು ಸುಮಾರು 12,500. ಅದೇ ಬೋರ್, ಅದೇ ತೋಟ. ನೀರು ಕೊಡುವ ರೀತಿ ಬದಲಾದರೆ ಸಾಲದೆ ಇದ್ದ ನೀರೇ ಸಾಕಾಗುತ್ತದೆ.

ಲೆಕ್ಕ ಹಾಕಿದ ಮೇಲೂ ಸಾಲದಿದ್ದರೆ ಇನ್ನೊಂದು ಬೋರಿನ ಆಲೋಚನೆಗಿಂತ ಮೊದಲು ಮರದ ಬುಡಕ್ಕೆ ಸೊಪ್ಪು, ಸೋಗೆ ಮುಚ್ಚಿಗೆ ಹಾಕಿ, ಪೈಪಿನ ಸೋರಿಕೆ ನೋಡಿ. ಜಂಟಿನಲ್ಲಿ ನಿಮಿಷಕ್ಕೆ ಒಂದು ಲೀಟರ್ ಸೋರಿದರೆ ಆರು ಗಂಟೆಗೆ 360 ಲೀಟರ್ ಹೋಯಿತು.

ಹಂತ 5: ಲೆಕ್ಕಕ್ಕೆ ತಕ್ಕ ಪಂಪ್

ಅಂಗಡಿಯಲ್ಲಿ ಎಚ್‌ಪಿ ಹೇಳಿ ಪಂಪ್ ಕೇಳಬೇಡಿ. "ಇಷ್ಟು ಎತ್ತರಕ್ಕೆ ಗಂಟೆಗೆ ಇಷ್ಟು ಲೀಟರ್ ಬರಬೇಕು" ಎಂದು ಕೇಳಿ. ಮೇಲಿನ ಉದಾಹರಣೆಯಲ್ಲಿ ಓಡುವಾಗಿನ ಮಟ್ಟ 45 ಮೀಟರ್, ಟ್ಯಾಂಕಿನ ಎತ್ತರ 15, ಪೈಪಿನ ಘರ್ಷಣೆಗೆ 6 ಸೇರಿಸಿದರೆ 66 ಮೀಟರ್. ಅಷ್ಟು ಎತ್ತರಕ್ಕೆ ಗಂಟೆಗೆ ಸುಮಾರು 2,200 ಲೀಟರ್ ಕೊಡುವ ಪಂಪೆಂದರೆ ಒಂದೂವರೆ ಎಚ್‌ಪಿ ಸಾಕು.

ಪಂಪನ್ನು ಬೋರಿನ ತಳಕ್ಕೆ ತಾಗಿಸಿ ಇಳಿಸಬೇಡಿ, ಕೆಸರು ಎಳೆಯುತ್ತದೆ. ಮುಖ್ಯ ನೀರು ಸಿಕ್ಕ ಬಿರುಕಿಗಿಂತ ಸ್ವಲ್ಪ ಮೇಲೆ ನಿಲ್ಲಿಸುವುದು ಒಳ್ಳೆಯದು. ಆಗ ನೀರಿನ ಮಟ್ಟ ಆ ಬಿರುಕಿಗಿಂತ ಕೆಳಗೆ ಹೋಗುವುದಿಲ್ಲ. ಬಿರುಕು ಬರಿದಾಗಿ ಅದರೊಳಗೆ ಗಾಳಿ ಹೊಕ್ಕರೆ ಕಬ್ಬಿಣದ ಅಂಶ ತುಕ್ಕಾಗಿ ಕಟ್ಟಿಕೊಂಡು ನೀರಿನ ದಾರಿ ಸಣ್ಣದಾಗುತ್ತಾ ಹೋಗುತ್ತದೆ. "ಇನ್ನೂ ಎರಡು ಪೈಪ್ ಕೆಳಗಿಳಿಸಿ" ಎಂಬ ಸಲಹೆ ಒಂದು ಬೇಸಗೆಗೆ ನೀರು ಕೊಟ್ಟು ಬೋರನ್ನು ಕೆಡಿಸಬಹುದು.

ಸ್ಟಾರ್ಟರ್ ಬೋರ್ಡಿನಲ್ಲಿ ಡ್ರೈರನ್ ರಕ್ಷಣೆ (ನೀರಿಲ್ಲದಾಗ ಪಂಪನ್ನು ತಾನೇ ನಿಲ್ಲಿಸುವ ಸಾಧನ) ಕಡ್ಡಾಯವಾಗಿ ಇರಲಿ. ಸೋಲಾರ್ ಪಂಪ್ ಹಾಕುವವರಿಗೆ ಎರಡು ಪಟ್ಟು ಎಚ್ಚರಿಕೆ ಬೇಕು. ಬಿಸಿಲಿರುವಷ್ಟು ಹೊತ್ತೂ ಅದು ಓಡುತ್ತದೆ, ಬಿಲ್ಲಿನ ಭಯವೂ ಇಲ್ಲ. ಅದಕ್ಕೆ ಟೈಮರ್ ಹಾಕಿಸಲೇಬೇಕು.

ಹಂತ 6: ಹೊತ್ತು ಹಂಚಿ ಓಡಿಸಿ

12,500 ಲೀಟರಿಗೆ ಈ ಪಂಪ್ ಸುಮಾರು ಆರು ಗಂಟೆ ಓಡಬೇಕು. ಒಂದೇ ಉಸಿರಿಗೆ ಓಡಿಸದೆ ಎರಡೆರಡು ಗಂಟೆಯಂತೆ ಮೂರು ಸಲ, ನಡುವೆ ಎರಡೆರಡು ಗಂಟೆ ಬಿಡುವು ಕೊಟ್ಟು ಓಡಿಸಿ. ಒಂದು ಸಲಕ್ಕೆ 4,400 ಲೀಟರ್, 5,000 ಲೀಟರಿನ ಟ್ಯಾಂಕ್ ಸಾಕು. ಟ್ಯಾಂಕಿನಿಂದ ಹನಿ ಪೈಪಿಗೆ ಬಿಡಿ.

ಪಕ್ಕದ ಮನೆಯವರ ಬೋರ್ ಹತ್ತಿರವಿದ್ದರೆ ಒಂದು ದಿನ ಅವರು ಮಾತ್ರ ಪಂಪ್ ಹಾಕಲಿ, ನೀವು ನಿಮ್ಮ ಮಟ್ಟ ಅಳೆಯಿರಿ. ಇಳಿದರೆ ಇಬ್ಬರದ್ದೂ ಒಂದೇ ನೀರು. ಆಗ ಪಂಪಿನ ಹೊತ್ತನ್ನು ಮಾತಾಡಿ ಹಂಚಿಕೊಳ್ಳಿ. ಅಂಕಿ ಬರೆದ ನೋಟ್‌ಬುಕ್ ಎದುರಿಗಿದ್ದರೆ ಈ ಮಾತು ಜಗಳವಾಗುವುದಿಲ್ಲ. ಅದಿಲ್ಲದೆ ಹೋದರೆ ಆಗುವುದೇ ಹೆಚ್ಚು.

ಹಂತ 7: ಎಚ್ಚರಿಕೆಯ ಲಕ್ಷಣಗಳು

ಪಂಪ್ ಓಡುವಾಗ ಕೇಸಿಂಗಿನ ಬಾಯಿಗೆ ಕಿವಿ ಕೊಟ್ಟು ಕೇಳಿ. ಒಳಗೆ ಎಲ್ಲೋ ನೀರು ಬೀಳುವ ಸದ್ದು, ಬಂಡೆಯ ಮೇಲೆ ಸಣ್ಣ ಝರಿ ಧುಮುಕಿದ ಹಾಗೆ ಕೇಳಿಸಿದರೆ ಮಟ್ಟ ಒಂದು ಬಿರುಕಿಗಿಂತ ಕೆಳಗೆ ಹೋಗಿದೆ. ಗಾಳಿ ಹೊಡೆಯುವುದಕ್ಕೆ ಎಷ್ಟೋ ಮೊದಲು ಈ ಸದ್ದು ಬರುತ್ತದೆ. ಆ ದಿನವೇ ಹೊತ್ತು ಕಡಿಮೆ ಮಾಡಿ.

ಆಂಪಿಯರ್ ಮುಳ್ಳು ದಿನನಿತ್ಯಕ್ಕಿಂತ ಕೆಳಗೆ ಇಳಿಯುವುದು, ನೀರು ಕೆಂಪಾಗುವುದು, ಬಾವಿಯೋ ಸುರಂಗವೋ ಹಿಂದಿನ ವರ್ಷಕ್ಕಿಂತ ಬೇಗ ಸೊರಗುವುದು ಇವೂ ಲಕ್ಷಣಗಳೇ. ಪೈಪಿನಲ್ಲಿ ಗಾಳಿ ಬಂದರೆ ಪಂಪ್ ನಿಲ್ಲಿಸಿ, ಒಂದು ದಿನ ಪೂರ್ತಿ ಬಿಟ್ಟು, ಹಂತ 3ರಿಂದ ಪುನಃ ಶುರು ಮಾಡಿ.

ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯವರಿಗೆ ಟಿಡಿಎಸ್ ಮೀಟರ್ ಎಲ್ಲಕ್ಕಿಂತ ಮುಖ್ಯ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಮೇಲಿರುವ ಸಿಹಿನೀರು ಒಂದು ಮೀಟರ್ ಇಳಿದರೆ ಅಡಿಯ ಉಪ್ಪುನೀರು ಸುಮಾರು 40 ಮೀಟರ್ ಏರಿಬರಬಲ್ಲದು ಎಂಬುದು ಲೆಕ್ಕ. ವಾರಕ್ಕೊಮ್ಮೆ ಅಳೆಯಿರಿ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 2,000ದವರೆಗೆ ಅನುಮತಿ ಇದೆ. ಆದರೆ ಅಂಕಿ 300ರಿಂದ 450ಕ್ಕೆ ಏರಿದಾಗಲೇ ಎಚ್ಚೆತ್ತುಕೊಳ್ಳಿ. ಅಲ್ಲಿ ಆಳದ ಬೋರ್ ಬೇಡ. ಆಳವಿಲ್ಲದ ಬಾವಿಯಿಂದ ಸಣ್ಣ ಪಂಪಿನಲ್ಲಿ ಮೇಲುಮೇಲಿನ ನೀರನ್ನು ತೆಗೆಯಬೇಕು. ಒಮ್ಮೆ ಉಪ್ಪಾದ ನೀರು ಸಿಹಿಯಾಗಲು ಅನೇಕ ಮಳೆಗಾಲ ಬೇಕಾಗುತ್ತದೆ.

ಹಂತ 8: ನೀರಿಂಗಿಸುವುದು

ಇಂಗುಗುಂಡಿ ತೋಡಿದೆ, ಆದರೂ ಬೋರ್ ಬತ್ತಿತು ಎನ್ನುವವರಿದ್ದಾರೆ. ಲೆಕ್ಕ ನೋಡಿ. 100 ಚದರ ಮೀಟರ್ ಮಾಡಿಗೆ (ಮನೆಯ ಛಾವಣಿಗೆ) 3,000 ಮಿಲಿಮೀಟರ್ ಮಳೆ ಬಿದ್ದು ನೂರಕ್ಕೆ 80 ಪಾಲು ಹಿಡಿದರೆ 2,40,000 ಲೀಟರ್. ದಿನಕ್ಕೆ 12,500ರಂತೆ 150 ದಿನದ ಬೇಸಗೆಗೆ ಬೇಕಾದದ್ದು 18,75,000 ಲೀಟರ್. ಮಾಡಿನ ನೀರು ಅದರ ಸುಮಾರು ಎಂಟನೇ ಒಂದು ಪಾಲು ಮಾತ್ರ. ಮನೆಯ ಬಾವಿಗೆ ಅದು ಉತ್ತಮ, ತೋಟಕ್ಕೆ ಸಾಲದು. ಆದರೆ ಒಂದು ಎಕರೆ ಗುಡ್ಡೆಯ ಮೇಲೆ ಬೀಳುವ ಮಳೆ 1.2 ಕೋಟಿ ಲೀಟರ್. ಅದರಲ್ಲಿ ಆರನೇ ಒಂದು ಪಾಲು ಇಂಗಿದರೂ ಲೆಕ್ಕ ಸರಿಹೋಗುತ್ತದೆ. ಹಾಗಾಗಿ ಮೇಲಿನ ಗುಡ್ಡೆಯ ಮದಕದ (ಮಳೆನೀರು ನಿಲ್ಲುವ ಕೆರೆಯ) ಹೂಳು ತೆಗೆಯುವುದು, ಅಡ್ಡ ಕಣಿ (ಕಾಲುವೆ) ತೋಡುವುದು ಮೊದಲಾಗಲಿ.

ಜುಲೈಯಲ್ಲಿ ಮುರಕಲ್ಲಿನೊಳಗೆ ಇಂಗಿದ ನೀರು ಬಹುಪಾಲು ತೋಡಿಗೆ (ಸಣ್ಣ ಹಳ್ಳಕ್ಕೆ) ಬಸಿದು ಹೋಗಿಬಿಡುತ್ತದೆ. ಹೆಚ್ಚು ಉಪಯೋಗಕ್ಕೆ ಬರುವುದು ಅಕ್ಟೋಬರ್, ನವೆಂಬರಿನ ಮಳೆಯನ್ನು ಹಿಡಿಯುವುದು ಮತ್ತು ತೋಡಿನ ಹರಿವು ಸಪೂರವಾಗುವ ಮೊದಲೇ ಅದಕ್ಕೆ ಅಡ್ಡವಾಗಿ ಕಟ್ಟ (ಒಡ್ಡು) ಕಟ್ಟುವುದು. ನೀರು ನೂಲಿನಂತಾದ ಮೇಲೆ ಕಟ್ಟಿದ ಕಟ್ಟ ತುಂಬುವುದಿಲ್ಲ. ಒಂದೇ ಕಟ್ಟಕ್ಕಿಂತ ತೋಡಿನುದ್ದಕ್ಕೂ ಸರಣಿ ಕಟ್ಟಗಳಿದ್ದರೆ ಎರಡೂ ದಡದ ಬಾವಿಗಳಲ್ಲಿ ಅದು ಗೊತ್ತಾಗುತ್ತದೆ.

ಅಂಗಳದ ಕೊಳೆ ನೀರನ್ನು ನೇರವಾಗಿ ಬೋರಿಗೆ ಬಿಡಲೇಬಾರದು. ಕಡಿದಾದ ಇಳಿಜಾರಿನಲ್ಲಿ, ಶೇಡಿಮಣ್ಣು ಇರುವ ಕಡೆ, ಮನೆಯ ಹಿಂದಿನ ಧರೆಯ (ಕಡಿದ ಮಣ್ಣಿನ ಗೋಡೆಯ) ಮೇಲೆ ಇಂಗುಗುಂಡಿ ಬೇಡ. ನೀರು ಕುಡಿದ ಶೇಡಿ ಜಾರುತ್ತದೆ.

ಹಂತ 9: ಹೊಸ ಬೋರ್ ಬೇಕೇ ಬೇಕೆಂದಾದರೆ

ಮೇಲಿನ ಎಲ್ಲವನ್ನೂ ಮಾಡಿ, ಒಂದು ಬೇಸಗೆಯ ಅಂಕಿಗಳನ್ನು ಕೈಯಲ್ಲಿಟ್ಟುಕೊಂಡು ಜಿಲ್ಲಾ ಅಂತರ್ಜಲ ಇಲಾಖೆಯ ಕಚೇರಿಗೆ ಹೋಗಿ. ಕೇರಳದಲ್ಲಿ 2002ರ ಅಂತರ್ಜಲ ನಿಯಂತ್ರಣ ಕಾಯ್ದೆ ಇದೆ. ನಿಮ್ಮ ಪಂಚಾಯತಿನಲ್ಲಿ ಯಾವ ಅನುಮತಿ ಬೇಕೆಂದು ರಿಗ್ ಗಾಡಿಗೆ ಅಡ್ವಾನ್ಸ್ ಕೊಡುವ ಮೊದಲೇ ಕೇಳಿ ತಿಳಿಯಿರಿ. ಕೇಂದ್ರ ಅಂತರ್ಜಲ ಮಂಡಳಿಯ 2017ರ ಲೆಕ್ಕದಲ್ಲಿ ಕಾಸರಗೋಡು ಬ್ಲಾಕ್ "ಕ್ರಿಟಿಕಲ್" ವರ್ಗದಲ್ಲಿತ್ತು. ವರ್ಷಕ್ಕೆ ಎತ್ತಬಹುದಾದ ನೀರಿನಲ್ಲಿ ನೂರಕ್ಕೆ 90ರಿಂದ 100 ಪಾಲು ಆಗಲೇ ಎತ್ತುತ್ತಿರುವ ಜಾಗಕ್ಕೆ ಕೊಡುವ ಹೆಸರದು. ಮಲಯಾಳ ಓದಲು ಕಷ್ಟವಿದ್ದವರು ಜತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ, ಸಹಿ ಹಾಕುವ ಮೊದಲು ಓದಿಸಿ ಕೇಳಿ.

ಬತ್ತಿದ ಹಳೆಯ ಬೋರನ್ನು ಬಾಯಿ ತೆರೆದು ಬಿಡಬೇಡಿ, ಮಗು ಬಿದ್ದೀತು. ಕೇಸಿಂಗ್ ಕಿತ್ತು ಮಾರಲೂಬೇಡಿ. ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿಸಿ ಬೋಲ್ಟ್ ಬಿಗಿಸಿ, ಅದರ ಮೇಲೆ ಆಳ, ಕೇಸಿಂಗಿನ ಉದ್ದ, ನೀರು ಸಿಕ್ಕ ಅಡಿ ಇಷ್ಟನ್ನು ಪೇಂಟಿನಲ್ಲಿ ಬರೆಸಿ. ಪಂಪಿಲ್ಲದ ಬೋರಿನಲ್ಲಿ ಸಿಕ್ಕಿಕೊಳ್ಳಲು ಕೇಬಲ್ ಇರುವುದಿಲ್ಲ, ಮಟ್ಟ ಅಳೆಯುವುದು ಸುಲಭ. ಹೊಸ ಬೋರ್ ಓಡುವಾಗ ಸುತ್ತಲಿನ ನೀರು ಎಷ್ಟು ಇಳಿಯುತ್ತಿದೆ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಜಾಗ ತೋಟದಲ್ಲಿ ಬೇರೆ ಇಲ್ಲ. ಮುಂದಿನ ದೀಪಾವಳಿಯ ಅಳತೆಯನ್ನು ಅದರಿಂದಲೇ ತೆಗೆಯಿರಿ.